ಅಜ್ಜನ ಗೀಟು

ನಮ್ಮ ಮನೆಯಲ್ಲಿ ಮೂರು ತಲೆಮಾರಿಗೂ ಬಾಯಿಪಾಠ ಆಗಿರೋ ವಾಕ್ಯ ಒಂದಿದೆ. “ನಂಗೆ ಡ್ರಾಯಿಂಗ್ ಬರಲ್ಲ.”

ಅಮ್ಮ ಹೇಳ್ತಾಳೆ. ಐವತ್ತು ವರ್ಷದಿಂದ ದಿನಾ ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಿ, ಸಾಲು ಸಾಲು ಚುಕ್ಕಿ ಇಟ್ಟು, ಒಂದೂ ಎಳೆ ತಪ್ಪದ ಹಾಗೆ ಸುತ್ತಿ ರಂಗೋಲಿ ಮುಗಿಸೋ ಅಮ್ಮ! ಕೇಳಿದ್ರೆ “ಅದು ರಂಗೋಲಿ ಕಣೇ, ಡ್ರಾಯಿಂಗ್ ಎಲ್ಲಿಂದ ಬಂತು?” ಅಂತಾಳೆ. ನಾನೂ ಹೇಳ್ತೀನಿ. ಏಳನೇ ಕ್ಲಾಸಿನಲ್ಲಿ ನಾನು ಬರೆದ ನವಿಲನ್ನ ಡ್ರಾಯಿಂಗ್ ಮೇಷ್ಟ್ರು ಎಲ್ಲರಿಗೂ ಕಾಣೋ ಹಾಗೆ ಎತ್ತಿ ಹಿಡಿದು “ಇದು ಯಾವೂರ ಕೋಳಿ?” ಅಂದಿದ್ದರು. ಇಡೀ ಕ್ಲಾಸು ನಕ್ಕಿತು, ನಾನೂ ನಕ್ಕೆ. ಅವತ್ತು ಕೆಳಗಿಟ್ಟ ಪೆನ್ಸಿಲನ್ನ ಆಮೇಲೆ ದಿನಸಿ ಪಟ್ಟಿ ಬರೆಯೋಕೆ ಬಿಟ್ಟು ಬೇರೆ ಯಾವುದಕ್ಕೂ ಎತ್ತಿಕೊಂಡಿಲ್ಲ.

ಇನ್ನು ನನ್ನ ಮಗಳು ಪುಟ್ಟಿ. ಎಂಟು ವರ್ಷ. 2024ರ ಮಾರ್ಚಿನಲ್ಲಿ ಅವಳ ಶಾಲೆಯಿಂದ ಬಂದ ಡ್ರಾಯಿಂಗ್ ಪುಸ್ತಕದಲ್ಲಿ ನೇರಳೆ ಬಣ್ಣದ ಹಸುವಿನ ಮೇಲೆ ಕೆಂಪು ಇಂಕಿನ ಅಡ್ಡಗೆರೆ ಇತ್ತು. “ಹಸು ಈ ಬಣ್ಣ ಇರಲ್ವಂತೆ” ಅಂದಳು. ಒಂದು ವಾರ ಬಿಟ್ಟು ಅದೇ ವಾಕ್ಯ ಬಂತು. ಮನೆತನದ ಆಸ್ತಿ ಕೈಬದಲಾದ ಹಾಗೆ!

ಅಪ್ಪ ಮಾತ್ರ ಈ ಮಾತು ಹೇಳಿದವರಲ್ಲ. ಅವರ ಕತೆಯೇ ಬೇರೆ.

ಅಪ್ಪ ಪ್ರೈಮರಿ ಶಾಲೆ ಮೇಷ್ಟ್ರಾಗಿದ್ದವರು, 2009ರಲ್ಲಿ ರಿಟೈರಾದರು. ಅಕ್ಷರ ಅಂದ್ರೆ ಅವರದ್ದು. ಊರಿನಲ್ಲಿ ಯಾರ ಮನೆ ಮದುವೆಯಾದ್ರೂ ಕರೆಯೋಲೆ ಕವರಿನ ಮೇಲೆ ಹೆಸರು ಬರೆಯೋಕೆ ಅಪ್ಪನ ಹತ್ತಿರಾನೇ ಬರ್ತಿದ್ದರು. ತೊಂಬತ್ತರ ದಶಕದಲ್ಲಿ ಸಾಕ್ಷರತಾ ಆಂದೋಲನ ನಡೀತಿದ್ದಾಗ ರಾತ್ರಿ ಲಾಟೀನು ಹಿಡಿದು ಕೇರಿಗೆ ಹೋಗಿ ತೋಟದ ಕೆಲಸದ ಹೆಂಗಸರಿಗೆ ಸಹಿ ಕಲಿಸ್ತಿದ್ದರು. “ಹೆಬ್ಬೆಟ್ಟು ಒತ್ತೋದು ನಿಲ್ಲಿಸಿ” ಅನ್ನೋದು ಅವರ ಘೋಷಣೆ. ಎಷ್ಟು ಜನರ ಬೆರಳಿನ ಮಸಿ ತೊಳೆದಿದ್ದಾರೋ ಲೆಕ್ಕ ಇಲ್ಲ.

2019ರ ಹೊತ್ತಿಗೆ ಅವರ ಬಲಗೈ ನಡುಗೋಕೆ ಶುರುವಾಯ್ತು. ಸುಮ್ಮನೆ ತೊಡೆ ಮೇಲೆ ಇಟ್ಟುಕೊಂಡಿದ್ದರೆ ಏನೂ ಇಲ್ಲ. ಕಾಫಿ ಲೋಟ ಎತ್ತಿದ್ರೆ, ಪೆನ್ನು ಹಿಡಿದ್ರೆ ಶುರು. ನಾವೆಲ್ಲ ಪಾರ್ಕಿನ್‌ಸನ್ ಅಂತ ಹೆದರಿದ್ವಿ. 2022ರಲ್ಲಿ ನರರೋಗ ತಜ್ಞರ ಹತ್ತಿರ ಕರಕೊಂಡು ಹೋದಾಗ ಅವರು ಒಂದು ಹಾಳೆ ಕೊಟ್ಟು “ಒಳಗಿಂದ ಹೊರಗೆ ಸುರುಳಿ ಬರೀರಿ ಮೇಷ್ಟ್ರೇ” ಅಂದರು. ಸೊಳ್ಳೆಬತ್ತಿ ಸುರುಳಿ ಇರುತ್ತಲ್ಲ, ಆ ಥರ. ಅಪ್ಪ ಬರೆದದ್ದು ಗರಗಸದ ಅಲಗಿನ ಹಾಗಿತ್ತು. ಇದು ಪಾರ್ಕಿನ್‌ಸನ್ ಅಲ್ಲ, ಎಸೆನ್ಶಿಯಲ್ ಟ್ರೆಮರ್ ಅಂದರು ಡಾಕ್ಟರು. ಪಾರ್ಕಿನ್‌ಸನ್ ನಡುಕ ಸಾಮಾನ್ಯವಾಗಿ ಕೈ ವಿಶ್ರಾಂತಿಯಲ್ಲಿದ್ದಾಗ ಹೆಚ್ಚು, ಇದು ಕೆಲಸ ಮಾಡುವಾಗ ಹೆಚ್ಚು. ಜೀವಕ್ಕೆ ಅಪಾಯ ಇಲ್ಲ. ಮಾತ್ರೆಯಿಂದ ಸ್ವಲ್ಪ ಕಡಿಮೆ ಆಗಬಹುದು, ಪೂರ್ತಿ ಹೋಗಲ್ಲ. ಗಾಬರಿಯಾದ್ರೆ ಜಾಸ್ತಿ ಆಗುತ್ತೆ.

ನಾವು ಖುಷಿಯಲ್ಲಿ ಹೊರಬಂದ್ವಿ. ಅಪ್ಪ ಆ ಹಾಳೆಯನ್ನೇ ನೋಡ್ತಾ ಕೂತಿದ್ದರು. ಎಷ್ಟೋ ಸಾವಿರ ಮಕ್ಕಳ ಕಾಪಿ ತಿದ್ದಿದವರು, ತಮ್ಮದೇ ಕಾಪಿ ಫೇಲಾದದ್ದನ್ನ ನೋಡಿದ ಹಾಗೆ.

ಆಮೇಲೆ ಬ್ಯಾಂಕಿನ ಪ್ರಸಂಗ. ಸಹಿ ಹೊಂದಲ್ಲ ಅಂತ ಚೆಕ್ ವಾಪಸ್ ಬಂತು. ಕೌಂಟರಿನ ಹುಡುಗ ಎದುರಿಗೇ ಮೂರು ಸಲ ಸಹಿ ಹಾಕಿಸಿದ. ಹಿಂದೆ ಕ್ಯೂ ನಿಂತಿದೆ, ಎಲ್ಲರೂ ನೋಡ್ತಿದ್ದಾರೆ, ಕೈ ಇನ್ನೂ ಜಾಸ್ತಿ ನಡುಗ್ತಿದೆ. ಕೊನೆಗೆ ಅವನು ಒಳ್ಳೇ ಮನಸ್ಸಿನಿಂದಲೇ ಅಂದದ್ದು: “ಸರ್, ಹೆಬ್ಬೆಟ್ಟು ಮಾಡಿಸ್ಕೊಂಡು ಬಿಡೋಣ, ನಿಮಗೇ ಸುಲಭ.” ಹಾಗೊಂದು ನಿಯಮ ನಿಜವಾಗಿ ಇದೆ. ವಯಸ್ಸಾದವರು, ಕಾಯಿಲೆಯವರು ಸಹಿ ಹಾಕಲಾಗದಿದ್ರೆ ಹೆಬ್ಬೆಟ್ಟು ಒತ್ತಬಹುದು, ಇಬ್ಬರು ಸಾಕ್ಷಿ ಬೇಕು, ಅದರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ ಆಗಿರಬೇಕು ಅಂತ ರಿಸರ್ವ್ ಬ್ಯಾಂಕೇ ಹೇಳಿದೆ. ಅನುಕೂಲವೇ. ಆದರೆ ಯಾರಿಗೆ ಹೇಳ್ತಿದ್ದೀವಿ ಅಂತ ಆ ಹುಡುಗನಿಗೆ ಹೇಗೆ ಗೊತ್ತಿರಬೇಕು?

ಅಪ್ಪ ಚೆಕ್ ಪುಸ್ತಕ ಮಡಚಿ ಜೇಬಿಗೆ ಹಾಕ್ಕೊಂಡು ಮನೆಗೆ ಬಂದರು. ಅಲ್ಲಿಂದಾಚೆ ಪೆನ್ನು ಮುಟ್ಟಲಿಲ್ಲ. ಕೈಯನ್ನ ಶಾಲಿನ ಒಳಗಿಟ್ಟುಕೊಂಡು ಕೂರೋದು ಅಭ್ಯಾಸ ಆಯ್ತು, ಸೆಖೆಗಾಲದಲ್ಲೂ.

*

2024ರ ಮೇನಲ್ಲಿ ರಜೆಗೆ ಊರಿಗೆ ಹೋಗಿದ್ದಾಗ ಗುಡುಗು ಮಳೆ ಹಿಡೀತು. ಮಲೆನಾಡಿನವರಿಗೆ ಗೊತ್ತಿರೋದೇ. ಒಂದು ಮರ ಬಿದ್ರೆ ಮೂರು ದಿನ ಕರೆಂಟಿಲ್ಲ. ಮೊದಲ ಸಂಜೆ ಇನ್ವರ್ಟರ್ ಸತ್ತಿತು, ರಾತ್ರಿಗೆ ಮೊಬೈಲ್‌ಗಳೂ ಸತ್ತವು. ಪುಟ್ಟಿ ಮತ್ತು ಅಣ್ಣನ ಇಬ್ಬರು ಗಂಡು ಮಕ್ಕಳು, ಒಟ್ಟು ಮೂರು ಪುಂಡರು, ಒಂದು ಜಗಲಿ, ಒಂದು ಚಾರ್ಜರ್ ಲೈಟು. ಕೇಳಬೇಕೇ...

ಯಾವಾಗಲೋ ಓದಿದ್ದ ಒಂದು ಆಟ ನೆನಪಾಯ್ತು. ಅಪ್ಪ ಎಸೆಯದೆ ಕಟ್ಟಿಟ್ಟಿದ್ದ ಹಳೇ ಪ್ರಶ್ನೆಪತ್ರಿಕೆಗಳ ಕಂತೆ ತಂದೆ. ಹಿಂದೆಲ್ಲ ಖಾಲಿ. ಒಂದು ಹಾಳೆಯನ್ನ ಅಡ್ಡಕ್ಕೆ ಮೂರು ಮಡಿಕೆ ಮಾಡಿದ್ವಿ. ಮೊದಲನೆಯವರು ಮೇಲಿನ ಮಡಿಕೆಯಲ್ಲಿ ತಲೆ ಬರೆದು, ಕತ್ತಿನ ಎರಡು ಗೀಟು ಮಾತ್ರ ಮುಂದಿನ ಮಡಿಕೆಗೆ ಇಣುಕೋ ಹಾಗೆ ಬಿಟ್ಟು, ಮಡಚಿ ಕೊಡಬೇಕು. ಎರಡನೆಯವರು ತಲೆ ನೋಡದೆ ಮೈ ಬರೀಬೇಕು. ಮೂರನೆಯವರು ಎರಡನ್ನೂ ನೋಡದೆ ಕಾಲು.

ಇದು ನನ್ನ ಬುದ್ಧಿ ಅಲ್ಲ. 1925ರ ಸುಮಾರಿಗೆ ಪ್ಯಾರಿಸ್ಸಿನ ರ‍್ಯೂ ದ್ಯು ಶಾತೋ ಬೀದಿಯ 54ನೇ ನಂಬರಿನ ಮನೆಯಲ್ಲಿ ಸರ್ರಿಯಲಿಸ್ಟರು ಸಂಜೆ ಹೊತ್ತು ಆಡ್ತಿದ್ದ ಆಟ. ಆಂದ್ರೆ ಬ್ರೆತೊಂ, ಈವ್ ತಾಂಗಿ, ಝಾಕ್ ಪ್ರೆವೆರ್ ಮುಂತಾದವರ ಗುಂಪು. ಮೊದಲು ಪದಗಳಲ್ಲಿ ಆಡಿದರಂತೆ. ಒಬ್ಬೊಬ್ಬರು ಒಂದೊಂದು ಪದ ಗುಟ್ಟಾಗಿ ಬರೆದು ಮಡಚಿ ದಾಟಿಸೋದು. ಹಾಗೆ ಹುಟ್ಟಿದ ಮೊದಲ ವಾಕ್ಯದ ಶುರುವಿನಲ್ಲಿ ‘ಸೊಗಸಾದ ಹೆಣ’ ಅಂತ ಬಂದು, ಆಟಕ್ಕೆ ಅದೇ ಹೆಸರಾಯ್ತು, ಕಡಾವ್ರ್ ಎಕ್ಸ್‌ಕಿ. ಆಮೇಲೆ ಚಿತ್ರಕ್ಕೆ ಬಂದರು. ತಾಂಗಿ, ಮಿರೊ, ಮ್ಯಾಕ್ಸ್ ಮೊರೀಸ್, ಮ್ಯಾನ್ ರೇ ನಾಲ್ವರೂ ಸೇರಿ 1926-27ರಲ್ಲಿ ಹೀಗೆ ಮಡಚಿ ಬರೆದ ಒಂದು ಹಾಳೆ ಈಗ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದೆ. ಫ್ರಿಡಾ ಕಾಹ್ಲೊ ಕೂಡ 1932ರಲ್ಲಿ ಗೆಳತಿ ಲೂಸಿಯೆನ್ ಬ್ಲಾಕ್ ಜೊತೆ ಕೂತು ಆಡಿದ್ದಾಳೆ. ದೊಡ್ಡ ದೊಡ್ಡವರ ಆಟ ಸ್ವಾಮಿ, ಕಡಿಮೆ ಅಂದ್ಕೋಬೇಡಿ :-)

ಪುಟ್ಟಿ ವಾಕ್ಯ ಒಪ್ಪಿಸಿದಳು, “ನಂಗೆ ಡ್ರಾಯಿಂಗ್ ಬರಲ್ಲ.” ಅಮ್ಮನೂ ಒಪ್ಪಿಸಿದಳು. “ಬರದೇ ಇರೋರೇ ಬೇಕು ಈ ಆಟಕ್ಕೆ” ಅಂದೆ. ದೊಡ್ಡ ಹುಡುಗ ತಲೆ ಬರೆದ. ಅಮ್ಮನಿಗೆ ಮಧ್ಯದ ಮಡಿಕೆ ಸಿಕ್ಕಿತು. ಅವಳು ಅತ್ತಿತ್ತ ನೋಡಿ ಬೇರೆ ದಾರಿ ಕಾಣದೆ ಹೊಟ್ಟೆಯ ಜಾಗದಲ್ಲಿ ಎಂಟು ದಳದ ಪದ್ಮ ಬರೆದು ಕೊಟ್ಟಳು. ಪುಟ್ಟಿ ಕೊನೆಯವಳು, ಮೂಲೆಗೆ ಹೋಗಿ ಬರೆದಳು.

ಬಿಡಿಸಿ ನೋಡ್ತೀವಿ... ಹೆಲ್ಮೆಟ್ ಹಾಕಿದ ಮೀಸೆ ಮಾಮ, ಹೊಟ್ಟೆಯಲ್ಲಿ ಪದ್ಮ, ಕೆಳಗೆ ಸಾಕ್ಸ್ ಹಾಕಿದ ಕಪ್ಪೆ ಕಾಲು! ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕದ್ದೇ ನಕ್ಕದ್ದು. ಅವತ್ತು ರಾತ್ರಿ ಹನ್ನೊಂದು ಹಾಳೆ ಮುಗೀತು. ಯಾರೂ “ಇದು ಹೀಗಿರಲ್ಲ” ಅನ್ನಲಿಲ್ಲ. ಅನ್ನೋದಾದ್ರೂ ಹೇಗೆ? ಪೂರ್ತಿ ಚಿತ್ರವನ್ನ ಮೊದಲೇ ನೋಡಿದವರೇ ಯಾರೂ ಇಲ್ಲವಲ್ಲ.

ಅಪ್ಪ ಆರಾಮ ಕುರ್ಚಿಯಲ್ಲಿ ಶಾಲು ಹೊದ್ದು ನೋಡ್ತಿದ್ದರು. ನಕ್ಕರು, ಆದರೆ ಹತ್ತಿರ ಬರಲಿಲ್ಲ.

ಎರಡನೇ ದಿನ ತುರಿಮಣೆ ಆಟ. ಅಡುಗೆಮನೆಯ ತುರಿಮಣೆ ತಂದು ನಡುಜಗಲಿಯಲ್ಲಿಟ್ಟು ಸುತ್ತ ಕೂತ್ವಿ. ನಿಯಮ ಒಂದೇ: ನೀವು ಕೂತ ಜಾಗದಿಂದ ಕಾಣೋದನ್ನ ಮಾತ್ರ ಬರೀಬೇಕು, ನಿಮಗೆ ಗೊತ್ತಿರೋದನ್ನಲ್ಲ. ಎದುರಿಗೆ ಕೂತ ಅಣ್ಣನ ಕಿರಿಮಗನಿಗೆ ಕಂಡದ್ದು ಹಾವಿನ ಹೆಡೆ. ಪಕ್ಕದಲ್ಲಿದ್ದ ನನಗೆ ಕತ್ತು ಚಾಚಿದ ಕೊಕ್ಕರೆ. ಹಿಂದೆ ಕೂತ ಪುಟ್ಟಿಗೆ ಬರೀ ಮಣೆ, ಅದರ ಮೇಲೊಂದು ಸಣ್ಣ ಕೋಡು. “ನಿಂದು ತಪ್ಪು”, “ನಿಂದೇ ತಪ್ಪು” ಅಂತ ಜಗಳ ಹತ್ತಿತು. ಆಗ ಎಲ್ಲರನ್ನೂ ಒಂದೊಂದು ಜಾಗ ಮುಂದಕ್ಕೆ ಸರಿಸಿದೆ. ಕಿರಿಯವನು ಪುಟ್ಟಿಯ ಜಾಗದಲ್ಲಿ ಕೂತು ಸ್ವಲ್ಪ ಹೊತ್ತು ನೋಡಿ, “ಹೌದಲ್ಲೇ, ಇಲ್ಲಿಂದ ಹೆಡೆ ಇಲ್ಲ” ಅಂದ. ಕುರುಡರು ಆನೆ ಮುಟ್ಟಿದ ಕತೆಯಲ್ಲಿ ಯಾರೂ ಜಾಗ ಬದಲಾಯಿಸೋದಿಲ್ಲ ಗಮನಿಸಿದ್ದೀರಾ? ಬದಲಾಯಿಸಿದ್ದರೆ ಕತೆ ಅಲ್ಲಿಗೇ ಮುಗೀತಿತ್ತು.

ಮೂರನೇ ದಿನ ಗಾದೆ ಆಟ. ಒಬ್ಬರು ಗಾದೆ ಬರೀಬೇಕು. ಮುಂದಿನವರು ಅದನ್ನ ಓದಿ ಚಿತ್ರ ಮಾಡಬೇಕು, ಗಾದೆ ಮಡಚಬೇಕು. ಅದರ ಮುಂದಿನವರು ಚಿತ್ರ ಮಾತ್ರ ನೋಡಿ ವಾಕ್ಯ ಬರೀಬೇಕು. ಹೀಗೇ ಸುತ್ತು. 2009ರಲ್ಲಿ ಅಮೆರಿಕದಲ್ಲಿ ಇದನ್ನೇ ಡಬ್ಬಿಗೆ ಹಾಕಿ ಟೆಲಿಸ್ಟ್ರೇಶನ್ಸ್ ಅಂತ ಮಾರೋಕೆ ಶುರು ಮಾಡಿದರು. ನಮಗೆ ಡಬ್ಬಿ ಬೇಡ, ಗಾದೆಗೆ ಬರ ಇಲ್ಲ. ಅದೂ ಅಪ್ಪ ಕುರ್ಚಿಯಿಂದಲೇ ಒಬ್ಬೊಬ್ಬರ ಕಿವಿಯಲ್ಲಿ ಗಾದೆ ಉಸುರೋಕೆ ಒಪ್ಪಿಕೊಂಡರು. ಅಷ್ಟು ಹತ್ತಿರ ಬಂದಿದ್ದರು.

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ” ಅಂತ ಶುರುವಾಯ್ತು. ಅಣ್ಣ ಚಿತ್ರ ಬರೆದ. ಅದನ್ನ ನೋಡಿದ ಅಮ್ಮ ಬರೆದದ್ದು “ಭುಜನೋವಿಗೆ ಅಮೃತಾಂಜನ ಹಚ್ಚಿಕೊಳ್ಳುತ್ತಿರುವ ಮುದುಕ, ಪಕ್ಕದಲ್ಲಿ ಚೆಂಡು.” ಅದನ್ನ ಓದಿ ದೊಡ್ಡ ಹುಡುಗ ಬರೆದ ಚಿತ್ರಕ್ಕೆ ಪುಟ್ಟಿ ಕೊಟ್ಟ ಕೊನೆಯ ವಾಕ್ಯ: “ಅಜ್ಜ ಕ್ರಿಕೆಟ್ ಆಡಿ ಔಟಾದ.” ಕುಂಬಳಕಾಯಿ ಎಲ್ಲಿ ಹೋಯ್ತೋ! ಆಫೀಸಿನಲ್ಲಿ ಬೆಳಿಗ್ಗೆ ಮ್ಯಾನೇಜರ್ ಹೇಳಿದ್ದು ಸಂಜೆಗೆ ನಮ್ಮ ಕೈಗೆ ಹೇಗೆ ತಲುಪುತ್ತೆ ಅನ್ನೋದು ನನಗೆ ಅವತ್ತು ಅರ್ಥ ಆಯ್ತು.

*

ಅವತ್ತೇ ಸಂಜೆ. ಆಟ ಎಲ್ಲ ಮುಗಿದು ಮಕ್ಕಳು ಹಲಸಿನ ಹಪ್ಪಳ ತಿಂತಿದ್ದರು. ನಾನು ಪುಟ್ಟಿಗೆ ಇನ್ನೊಂದು ಆಟ ಹೇಳಿಕೊಟ್ಟೆ. ಡೊನಾಲ್ಡ್ ವಿನಿಕಾಟ್ ಅಂತ ಇಂಗ್ಲೆಂಡಿನ ಮಕ್ಕಳ ಡಾಕ್ಟರು, ಮನೋವಿಶ್ಲೇಷಕರೂ ಹೌದು. ಲಂಡನ್ನಿನ ಪ್ಯಾಡಿಂಗ್ಟನ್ ಗ್ರೀನ್ ಮಕ್ಕಳ ಆಸ್ಪತ್ರೆಯಲ್ಲಿ ಸುಮಾರು ನಲವತ್ತು ವರ್ಷ ಕೆಲಸ ಮಾಡಿದವರು. ಮಾತಾಡದ ಮಕ್ಕಳು ಬಂದ್ರೆ ಅವರು ಪ್ರಶ್ನೆ ಕೇಳ್ತಿರಲಿಲ್ಲ. ಕಣ್ಣು ಮುಚ್ಚಿ ಹಾಳೆ ಮೇಲೆ ಒಂದು ಅಡ್ಡಾದಿಡ್ಡಿ ಗೀಟು ಎಳೆದು, “ಇದನ್ನ ಏನಾದ್ರೂ ಮಾಡು” ಅಂತ ಮಗುವಿಗೆ ಕೊಡ್ತಿದ್ದರು. ಮಗು ಅದನ್ನ ಏನೋ ಮಾಡುತ್ತೆ. ಆಮೇಲೆ ಮಗು ಒಂದು ಗೀಟು ಎಳೆದು ಡಾಕ್ಟರಿಗೆ ಕೊಡುತ್ತೆ, ಈಗ ಡಾಕ್ಟರ ಸರದಿ. ಇದನ್ನ ನಿಯಮ, ಅಂಕ ಇರೋ ಪರೀಕ್ಷೆಯಾಗಿ ಮಾಡಿಬಿಡ್ತಾರೇನೋ ಅನ್ನೋ ಹೆದರಿಕೆಯಿಂದ ಇದರ ಬಗ್ಗೆ ಬರೆಯೋಕೇ ಅವರು ಹಿಂಜರಿದಿದ್ದರು.

ಪುಟ್ಟಿ ಹಾಳೆ ತಗೊಂಡು ನನ್ನ ಹತ್ತಿರ ಬರಲಿಲ್ಲ. ಸೀದಾ ಅಜ್ಜನ ಕುರ್ಚಿಗೆ ಹೋದಳು.

“ಅಜ್ಜಾ, ಒಂದು ಗೀಟು ಹಾಕು. ಏನೂ ಬರೆಯೋದು ಬೇಡ, ಬರೀ ಗೀಟು.”

“ನನ್ನ ಕೈ ಸರಿ ಇಲ್ಲ ಪುಟ್ಟೀ.”

“ಕಣ್ಣು ಮುಚ್ಚಿ ಹಾಕ್ಬೇಕು ಅಜ್ಜ. ಸರಿ ಇರಲೇಬಾರದು.”

ನಾನು ಅಲ್ಲೇ ಉಸಿರು ಬಿಗಿಹಿಡಿದು ನಿಂತಿದ್ದೆ. ಅಪ್ಪ ನನ್ನ ಕಡೆ ನೋಡಿದರು. ನಾನು ಹಪ್ಪಳದ ತಟ್ಟೆ ಕಡೆ ನೋಡಿದೆ. ಶಾಲಿನ ಒಳಗಿಂದ ಕೈ ಹೊರಗೆ ಬಂತು. ಪೆನ್ಸಿಲ್ ಹಾಳೆ ಮುಟ್ಟಿದ ಕೂಡಲೇ ಕಟಕಟ ಅಂತ ಶಬ್ದ. ಎಡದಿಂದ ಬಲಕ್ಕೆ ಬಾಗಿದ ಒಂದೇ ಗೀಟು, ಉದ್ದಕ್ಕೂ ಸಣ್ಣ ಸಣ್ಣ ಹಲ್ಲು. ಡಾಕ್ಟರ ಟೇಬಲ್ ಮೇಲೆ ನೋಡಿದ್ದೇ.

ಪುಟ್ಟಿ ಹಾಳೆ ಎತ್ತಿ ಹಿಡಿದಳು. ನನಗೆ ನನ್ನ ನವಿಲು ನೆನಪಾಯ್ತು.

“ಅಯ್ಯಯ್ಯೋ! ಕಂಬಳಿಹುಳ!” ಎರಡು ಕಣ್ಣು, ಒಂದು ಸಾಲು ಕಾಲು, ಬಾಯಲ್ಲೊಂದು ಎಲೆ ಬಿತ್ತು. “ನೋಡ್ರೋ, ಅಜ್ಜ ಬರೀ ಗೀಟಲ್ಲೇ ಕೂದಲು ಹಾಕಿದಾರೆ!” ಹುಡುಗರಿಬ್ಬರೂ ಓಡಿಬಂದರು. ದೊಡ್ಡವನು ತಾನೂ ಅಂಥ ಗೀಟು ಹಾಕ್ತೀನಿ ಅಂತ ಕೂತ. ಬೇಕಂತಲೇ ಕೈ ಅಲ್ಲಾಡಿಸಿದ. ಬರಲಿಲ್ಲ. ಅವನ ಹಲ್ಲುಗಳು ಒಂದು ದೊಡ್ಡ, ಒಂದು ಸಣ್ಣ. ಅಜ್ಜನದ್ದು ಹೊಲಿಗೆ ಮಿಶಿನ್ನಿನ ಹಾಗೆ ಒಂದೇ ಸಮ. “ಅಜ್ಜ, ಹೆಂಗೆ ಮಾಡ್ತೀಯ?” ಅಂತ ಕೇಳಿದ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದಕ್ಕೆ ಐದು ವರ್ಷ ಅಭ್ಯಾಸ ಬೇಕು” ಅಂದರು.

ಆಮೇಲೆ ಪುಟ್ಟಿಯ ಗೀಟು, ಅಜ್ಜನ ಸರದಿ. ತಗೊಂಡು ಇಷ್ಟು ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. ಏನೇನೋ ಸೇರಿಸಿದರು. “ಕೋಳಿ!” ಅಂತ ಕಿರುಚಿದಳು ಪುಟ್ಟಿ. “ಗರಿ ಎಷ್ಟು ಚೆನ್ನಾಗಿ ಬಂದಿದೆ ಅಜ್ಜ!”

“ನವಿಲು ಅಂತ ಮಾಡಿದ್ದೆ ಮಾರಾಯ್ತಿ” ಅಂದರು ಅಪ್ಪ. “ಇರಲಿ ಬಿಡು, ಕೋಳಿಯೇ ಆಗಲಿ.”

ನಾನು ತಟ್ಟೆ ತಗೊಂಡು ಅಡುಗೆಮನೆಗೆ ಹೋದೆ. ಒಲೆ ಮುಂದೆ ಸ್ವಲ್ಪ ಹೊತ್ತು ನಿಂತಿದ್ದೆ. ಹೊಗೆ ಅಂತ ಹೇಳಬಹುದಿತ್ತು, ಗ್ಯಾಸ್ ಒಲೆ ಆದ್ದರಿಂದ ಹೇಳೋ ಹಾಗೂ ಇರಲಿಲ್ಲ.

*

ಇದರಿಂದ ಅಪ್ಪನ ನಡುಕ ವಾಸಿಯಾಯ್ತು ಅಂತ ಬರೆದ್ರೆ ಸುಳ್ಳಾಗುತ್ತೆ. ಆಗಿಲ್ಲ, ಆಗೋದೂ ಇಲ್ಲ. ಬ್ಯಾಂಕಿನ ವಿಷಯವೂ ಹಾಗೇ ಇದೆ. ಅಣ್ಣ ಎಟಿಎಂಗೆ ಹೋಗಿ ಪೆನ್ಶನ್ ತರ್ತಾನೆ. ಹೆಬ್ಬೆಟ್ಟಿನ ಮಾತು ನಾವು ಯಾರೂ ಎತ್ತಿಲ್ಲ.

ಆದರೆ ಒಂದು ಯೋಚನೆ ತಲೆಯಲ್ಲಿ ಉಳೀತು. ಡಾಕ್ಟರು ಕೊಟ್ಟದ್ದೂ ಹಾಳೆ, ಪುಟ್ಟಿ ಕೊಟ್ಟದ್ದೂ ಹಾಳೆ. ಎರಡರಲ್ಲೂ ಬಿದ್ದದ್ದು ಅದೇ ಗೀಟು. ಡಾಕ್ಟರ ತಪ್ಪೇನೂ ಇಲ್ಲ, ಅವರಿಗೆ ಪರೀಕ್ಷೆ ಬೇಕೇ ಬೇಕಿತ್ತು, ಅದರಿಂದಲೇ ನಮ್ಮ ಹೆದರಿಕೆ ಹೋಯ್ತು. ಆದರೆ ಮನೆಯಲ್ಲೂ ನಾವು ಬಿಳಿ ಹಾಳೆಯನ್ನ ಪರೀಕ್ಷೆ ಥರವೇ ಮುಂದಿಡ್ತೀವಲ್ಲ? “ಹಸು ಬರಿ ನೋಡೋಣ” ಅಂತೀವಿ. ಆ “ನೋಡೋಣ” ಇದೆಯಲ್ಲ, ಅಲ್ಲೇ ಕೈ ನಡುಗೋದು, ಯಾವ ಟ್ರೆಮರ್ ಇಲ್ಲದವರಿಗೂ. ಅರ್ಧ ಬರೆದ ಹಾಳೆ ಕೈಗೆ ಬಂದ್ರೆ ಹಾಗಾಗಲ್ಲ. ಯಾರೋ ಮಾತು ಶುರು ಮಾಡಿದ್ದಾರೆ, ನಾವು ಮುಂದುವರಿಸಿದ್ರೆ ಸಾಕು. ನಾನು ಹಾಕಿದ ಗೀಟಿಗೆ ಅರ್ಥ ಕೊಡೋ ಕೆಲಸ ನಂದೊಬ್ಬಳದ್ದೇ ಅಲ್ಲ.

ನೀವೂ ಆಡೋದಾದ್ರೆ ನಮಗೆ ಅನುಭವದಿಂದ ಗೊತ್ತಾದ ನಾಲ್ಕು ಮಾತು. ಹಾಳೆ ಒಂದು ಕಡೆ ಬಳಸಿದ್ದೇ ಇರಲಿ. ಹೊಸ ಡ್ರಾಯಿಂಗ್ ಹಾಳೆ ತಂದ್ರೆ ದೊಡ್ಡವರಿಗೆ ಭಯ ಆಗುತ್ತೆ. ರಬ್ಬರ್ ಅಡಗಿಸಿಡಿ. ಒಬ್ಬೊಬ್ಬರ ಸರದಿಗೆ ಎರಡು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ, ಕೊಟ್ರೆ ಚೆನ್ನಾಗಿ ಬರೆಯೋರು ಚೆನ್ನಾಗಿ ಬರೆಯೋಕೆ ಶುರು ಮಾಡ್ತಾರೆ, ಆಟ ಕೆಡುತ್ತೆ. ಗೆದ್ದವರು ಯಾರು ಅಂತ ಕೇಳಬೇಡಿ. ಮತ್ತೆ, ಕುರ್ಚಿಯಲ್ಲಿ ಕೂತು ನೋಡ್ತಿರೋರನ್ನ ಬಲವಂತ ಮಾಡಬೇಡಿ. ನಾನು ಕರೆದಿದ್ರೆ ಅಪ್ಪ ಖಂಡಿತ ಬರ್ತಿರಲಿಲ್ಲ.

ಹ್ಞಾಂ, ಒಂದು ಹೇಳೋದು ಮರೆತೆ. ಆ ವರ್ಷ ಜುಲೈನಲ್ಲಿ ನಮ್ಮ ಬೆಂಗಳೂರಿನ ಮನೆಗೆ ಅಂಚೆಯಲ್ಲಿ ಒಂದು ಲಕೋಟೆ ಬಂತು. ವಿಳಾಸ ನೋಡಿದ ಕೂಡಲೇ ಗೊತ್ತಾಯ್ತು. ಪ್ರತಿ ಅಕ್ಷರಕ್ಕೂ ಸಣ್ಣ ಸಣ್ಣ ಹಲ್ಲು, ಪಿನ್‌ಕೋಡಿನ ಅಂಕಿಗಳಿಗೆಲ್ಲ ಕಂಬಳಿಹುಳದ ಕೂದಲು. ಆದರೂ ಪೋಸ್ಟ್‌ಮ್ಯಾನ್ ತಪ್ಪಿಲ್ಲದೆ ತಂದು ಹಾಕಿದ್ದ. ಒಳಗೆ ಕಾಗದ ಇರಲಿಲ್ಲ, ಮಾತಿರಲಿಲ್ಲ. ನಾಲ್ಕನೇ ತರಗತಿಯ ಹಳೇ ಗಣಿತ ಪ್ರಶ್ನೆಪತ್ರಿಕೆ, ಅದರ ಬೆನ್ನ ಮೇಲೆ ಒಂದೇ ಒಂದು ಗೀಟು. ಕೆಳಗೆ ಮೂಲೆಯಲ್ಲಿ ಅಪ್ಪನ ಸಹಿ, ಪೂರ್ತಿ ಹೆಸರು.

ಪುಟ್ಟಿ ಅದನ್ನ ಹಸು ಮಾಡಿದಳು. ನೇರಳೆ ಬಣ್ಣದ್ದು.

ಮಾರನೇ ದಿನ ಪೋಸ್ಟ್ ಮಾಡಿದ್ವಿ, ಇನ್ನೊಂದು ಹಾಳೆ ಜೊತೆಗಿಟ್ಟು. ಅದರ ಮೇಲೆ ಗೀಟು ಎಳೆದದ್ದು ಪುಟ್ಟಿ ಅಲ್ಲ, ನಾನು.